ಬಟವಾಡೆ ಬಾಕಿ ಇರುವಾಗ

ಚನ್ನಗಿರಿಯ ಅಡಿಕೆ ತೋಟದ ಯಜಮಾನರೇ, ಹೊನ್ನಾಳಿಯ ಭತ್ತದ ಗದ್ದೆಯವರೇ, ನ್ಯಾಮತಿಯ ಮೆಕ್ಕೆಜೋಳದ ಒಕ್ಕಲುಗಳೇ, ಜಗಳೂರಿನ ಹಳ್ಳಿಗಳಿಂದ ಆಳು ತುಂಬಿಸಿಕೊಂಡು ಹೋಗುವ ಮೇಸ್ತ್ರಿಗಳೇ, ನಿಮ್ಮನ್ನು ಒಂದೇ ಒಂದು ಕೇಳಬೇಕಿದೆ. ಈ ಸುಗ್ಗಿಯಲ್ಲಿ ನಿಮಗಾಗಿ ದುಡಿದವರ ಕೂಲಿ ಚುಕ್ತಾ ಆಯಿತೇ?

ಇದೇ ಪ್ರಶ್ನೆಯನ್ನು ಸಾವಿರದ ಒಂಬೈನೂರು ವರ್ಷಗಳಷ್ಟು ಹಿಂದೆಯೇ ಒಬ್ಬ ಕೇಳಿದ್ದ. ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಹೆಸರಿನ ಪುಟ್ಟ ಪತ್ರವೊಂದಿದೆ, ಐದೇ ಅಧ್ಯಾಯ. ಕೊನೆಯ ಅಧ್ಯಾಯದಲ್ಲಿ ಆತ ಹೊಲದೊಡೆಯರ ಮೇಲೆ ಹರಿಹಾಯುತ್ತಾನೆ. ಅವರು ಪೂಜೆ ತಪ್ಪಿಸಿದರೆಂದೋ ನೇಮ ಮುರಿದರೆಂದೋ ಅಲ್ಲಿ ದೂರಿಲ್ಲ. ಬೆಳೆ ಕೊಯ್ದವರ ಕೂಲಿಯನ್ನು ಮೋಸದಿಂದ ಹಿಡಿದಿಟ್ಟುಕೊಂಡರು, ಅದೇ ಅಪರಾಧ. ಹಿಡಿದಿಟ್ಟ ಆ ಕೂಲಿಯೇ ಒಡೆಯನ ವಿರುದ್ಧ ಕೂಗಿಕೊಳ್ಳುತ್ತದೆ ಎಂಬುದು ಯಾಕೋಬನ ಎಚ್ಚರಿಕೆ. ಅದೇ ಪತ್ರದಲ್ಲಿ ಇನ್ನೊಂದು ತರಾಟೆಯೂ ಇದೆ: ಚಿನ್ನದುಂಗುರದವನು ಸಭೆಗೆ ಬಂದರೆ ಮುಂದೆ ಕೂರಿಸುತ್ತೀರಿ, ಹರಕು ಬಟ್ಟೆಯವನಿಗೆ ನಿಲ್ಲಲು ಹೇಳುತ್ತೀರಿ. ನಮ್ಮ ಮದುವೆ ಮನೆಗಳನ್ನು ಆತ ನೋಡಿರಲಿಲ್ಲ, ನೋಡಿದ್ದರೂ ಬೇರೆ ಬರೆಯುತ್ತಿರಲಿಲ್ಲ.

ಅಂತಿಮ ತೀರ್ಪು ಎಂದರೆ ಬೆಂಕಿ, ಗಂಧಕ, ಪ್ರಳಯ ಎಂದುಕೊಂಡವರು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಓದಬೇಕು. ಅಲ್ಲಿ ನ್ಯಾಯಾಸನದ ಮೇಲೆ ಕೂತವನು ಎಲ್ಲ ಜನಾಂಗಗಳನ್ನೂ ಕರೆಸಿ ವಿಚಾರಣೆ ನಡೆಸುತ್ತಾನೆ. ಯಾವ ಜಾತಿ, ಯಾವ ಮತ, ಎಷ್ಟು ಪ್ರಾರ್ಥನೆ ಎಂದು ಅವನು ಕೇಳುವುದೇ ಇಲ್ಲ. ಹಸಿದವನಿಗೆ ಉಣಿಸಿದಿರಾ, ಬಾಯಾರಿದವನಿಗೆ ನೀರು ಕೊಟ್ಟಿರಾ, ಪರಸ್ಥಳದವನನ್ನು ಒಳಗೆ ಕರೆದಿರಾ, ರೋಗಿಯನ್ನೂ ಸೆರೆಯಲ್ಲಿದ್ದವನನ್ನೂ ನೋಡಹೋದಿರಾ ಎಂಬುದಷ್ಟೇ ಲೆಕ್ಕ. ಗೆದ್ದವರಿಗೂ ಸೋತವರಿಗೂ ಒಂದೇ ಬೆರಗು: ನಾವು ನಿನ್ನನ್ನು ಕಂಡದ್ದೇ ಇಲ್ಲವಲ್ಲ! ನನಗಂತೂ ಆ ಕಥೆಯಲ್ಲಿ ಹೆದರಿಕೆ ಹುಟ್ಟಿಸುವುದು ಅದೇ. ಕೇಡು ಮಾಡಿದವರಿಗೆ ತಾವು ಮಾಡಿದ್ದು ನೆನಪೇ ಇಲ್ಲ.

ಇದು ನಮ್ಮ ಗ್ರಂಥವಲ್ಲ ಎನ್ನುವಿರೇನು? ಹರಿಹರದ ಆರೋಗ್ಯಮಾತೆಯ ಗುಡಿಗೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಹರಕೆ ಹೊತ್ತು ಹೋಗುವವರಲ್ಲಿ ಎಲ್ಲ ಜಾತಿ-ಮತದವರೂ ಇದ್ದಾರೆ. ಸಿರಿಗೆರೆ ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಹೊಲದ ತಂಟೆ, ಮನೆಯ ಪಾಲುಗಳನ್ನಿಟ್ಟು ತೀರ್ಪು ಬೇಡುವವರೂ ನಾವೇ. ಕಾಯಕ, ದಾಸೋಹ ಎಂಬ ಮಾತು ನಮ್ಮ ನಾಲಗೆಯ ಮೇಲೇ ಇದೆ. ನ್ಯಾಯ ಬೇಕಾದಾಗ ಇಷ್ಟು ದೂರ ನಡೆಯುವ ನಾವು, ನ್ಯಾಯ ಕೊಡಬೇಕಾದಾಗ ಮಾತ್ರ ಸೋಮವಾರ ಬಾ, ಅಡಿಕೆ ಮಾರಿದ ಮೇಲೆ ಬಾ ಎನ್ನುತ್ತೇವೆ.

ಕಷ್ಟ ಒಕ್ಕಲಿಗನಿಗೂ ಇದೆ, ಸುಳ್ಳಲ್ಲ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಸಾರಿದರು. ಮಾರುಕಟ್ಟೆಯಲ್ಲಿ ಅದು ಸಿಗದೆ ರೈತರು ಬೀದಿಗಿಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ವರ್ತಕ ತನಗೆ ಮಾಡಿದ್ದನ್ನೇ ರೈತ ತೆನೆ ಮುರಿದ ಹೆಂಗಸಿಗೆ ಮಾಡಿದರೆ, ಆ ಸಿಟ್ಟಿಗೆ ಏನು ಬೆಲೆ? ಅವಳು ಬೀದಿಗಿಳಿಯಲಾರಳು. ನಾಳೆಯೂ ನಿಮ್ಮ ಹೊಲಕ್ಕೇ ಬರಬೇಕು.

ಲೂಕನ ಸುವಾರ್ತೆಯಲ್ಲಿ ಒಬ್ಬ ವಿಧವೆ ಇದ್ದಾಳೆ. ದೇವರಿಗೂ ಅಂಜದ, ಮನುಷ್ಯರಿಗೂ ನಾಚದ ನ್ಯಾಯಾಧಿಪತಿಯ ಬಾಗಿಲಿಗೆ ತಿರುತಿರುಗಿ ಹೋಗಿ, ಕಾಟ ತಡೆಯಲಾರದೆ ಅವನೇ ತೀರ್ಪು ಕೊಡುವಂತೆ ಮಾಡುತ್ತಾಳೆ. ಧೈರ್ಯವಂತೆ. ಆದರೆ ದಿನಗೂಲಿಯವಳಿಗೆ ಹಾಗೆ ತಿರುಗುವ ಪ್ರತಿ ದಿನವೂ ಒಂದು ದಿನದ ಕೂಲಿ ಖೋತಾ. ಕಾನೂನಿಗೆ ಕೊರತೆಯಿಲ್ಲ: ಗಂಡಾಳಿಗೆ ಒಂದು, ಹೆಣ್ಣಾಳಿಗೆ ಒಂದು ಕೂಲಿ ಕೂಡದೆಂದು 1976ರಲ್ಲೇ ಕಾನೂನು ಬಂತು. ಜೀತ ರದ್ದತಿಯ ಕಾಯ್ದೆಯೂ ಅದೇ ವರ್ಷದ್ದು. ಸರ್ಕಾರವೂ ಮೇಲೇನಲ್ಲ: ಹಾಜರಿ ಪಟ್ಟಿ ಮುಗಿದ 15 ದಿನದೊಳಗೆ ಕೂಲಿ ಕೊಡುತ್ತೇವೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಬರೆದುಕೊಟ್ಟು, ಮತ್ತೆ ಮತ್ತೆ ತಿಂಗಳುಗಟ್ಟಲೆ ಬಾಕಿ ಇರಿಸಿತು. ಬಾಕಿ ಇಟ್ಟ ಸರ್ಕಾರದ ಬಳಿಗೇ ಹೋಗಿ ಬಾಕಿ ಇಟ್ಟ ಯಜಮಾನನ ಮೇಲೆ ದೂರು ಕೊಡಬೇಕು!

ಊರು ಬಿಟ್ಟು ದುಡಿಯುವವರ ಪಾಡು ಇನ್ನೂ ಕಷ್ಟ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರುವರಿಯಲ್ಲಿ ಸಂತ ಸೇವಾಲಾಲರ ಜಾತ್ರೆಗೆ ಬರುವ ಬಂಜಾರರಲ್ಲಿ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವ ಸಂಸಾರಗಳು ಬಹಳ. ಮಳೆ ಕೈಕೊಟ್ಟ ವರ್ಷ ಜಗಳೂರಿನವರೂ ಅದೇ ದಾರಿ ಹಿಡಿಯುತ್ತಾರೆ. ಮುಂಗಡ ಕೊಟ್ಟ ಮೇಸ್ತ್ರಿಯ ಪುಸ್ತಕದಲ್ಲಿ ಏನಿದೆ ಎಂಬುದು ಓದು ಬಾರದವಳಿಗೆ ಗೊತ್ತಾಗುವುದು ಹೇಗೆ?

ಭೇದ ಕೂಲಿಯಲ್ಲಷ್ಟೇ ಅಲ್ಲ, ಊಟದಲ್ಲೂ ಇದೆ; ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಪೌಲ ಬರೆದ ಮೊದಲ ಪತ್ರವನ್ನೂ ನೆನೆಯಬೇಕು. ಎಲ್ಲರೂ ಕೂಡಿ ಉಣ್ಣುವ ಪವಿತ್ರ ಊಟದಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ಮತ್ತೇರುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಇಲ್ಲದವರನ್ನು ಹೀಗೆ ನಾಚಿಸುತ್ತೀರಾ ಎಂದು ಪೌಲ ಛೀಮಾರಿ ಹಾಕಿದ. ಹೀಗೆ ಉಣ್ಣುವವರು ತಮ್ಮ ಮೇಲಿನ ತೀರ್ಪನ್ನೇ ಉಣ್ಣುತ್ತಾರೆ ಎಂಬಷ್ಟು ಕಟುವಾಗಿ. ನಿಮ್ಮ ಕಣದಲ್ಲಿ, ಅಡಿಕೆ ಸುಲಿಯುವ ಚಪ್ಪರದಲ್ಲಿ ಚಹಾಕ್ಕೆ ಬೇರೆ ಲೋಟ ಇಟ್ಟಿದ್ದೀರಾ? ಇಟ್ಟಿದ್ದರೆ ಇಂದೇ ಎಸೆಯಿರಿ. ಚರ್ಚಿಗೆ ಹೋಗುವವರಿಗೂ ರಿಯಾಯಿತಿ ಇಲ್ಲ: ತೀರ್ಪು ದೇವರ ಮನೆಯವರಿಂದಲೇ ಶುರುವಾಗುತ್ತದೆಂದು ಪೇತ್ರನ ಪತ್ರ ಹೇಳುತ್ತದೆ.

ಸಂತೆಯ ಹಿಂದಿನ ಸಂಜೆಯೇ ಬಟವಾಡೆ ಮಾಡಿ. ಗಂಡಾಳಿಗೆ ಎಷ್ಟೋ ಹೆಣ್ಣಾಳಿಗೂ ಅಷ್ಟೇ ಎಣಿಸಿ ಕೊಡಿ. ಮುಂಗಡದ ಲೆಕ್ಕವನ್ನು ಅವಳ ಮನೆಯ ಓದು ಬಲ್ಲ ಮಗುವಿನ ಎದುರು ಗಟ್ಟಿಯಾಗಿ ಓದಿ. ಹೋದ ಸುಗ್ಗಿಯ ಬಾಕಿ ಇದ್ದರೆ, ಅವಳು ಕೇಳಲು ಬರುವ ಮೊದಲೇ ನೀವು ಅವಳ ಮನೆಗೆ ಹೋಗಿ ಕೊಟ್ಟು ಬನ್ನಿ.