ಠಾಣೆಯ ಕಾಗದ ಯಾವ ಭಾಷೆಯದು?

2011ರ ಮಾರ್ಚ್ 10ರಂದು ಹೈದರಾಬಾದಿನ ಟ್ಯಾಂಕ್‌ ಬಂಡ್‌ನಲ್ಲಿ ಮಿಲಿಯನ್ ಮಾರ್ಚ್ ನಡೆದಾಗ ತೆಲಂಗಾಣದ ತರುಣರೂ ಪೊಲೀಸರೂ ಎದುರುಬದುರಾಗಿ ನಿಂತಿದ್ದರು. 2014ರಲ್ಲಿ ರಾಜ್ಯ ರಚನೆಯಾಯಿತು. ಸರ್ಕಾರ ‘ಫ್ರೆಂಡ್ಲಿ ಪೊಲೀಸಿಂಗ್’ ಎಂದು ಸಾರಿತು. ಆ ಸ್ನೇಹದ ಭಾಷೆ ಯಾವುದು? ಇದು ಗಡಿ ಕನ್ನಡಿಗರಾದ ನಮ್ಮ ಪ್ರಶ್ನೆ.

1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿಯೂ ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ತರುಣ ತೆಲುಗನ್ನು ಆಡಬಲ್ಲ. ಠಾಣೆಯ ಕೈಬರಹದ ತೆಲುಗನ್ನು ಓದುವುದು ಬೇರೆ ಮಾತು. ತಾನು ಹೇಳಿದ್ದೇ ಅಲ್ಲಿದೆಯೋ ಎಂದು ತಿಳಿಯದೆ ಸಹಿ ಹಾಕಿದವನಿಗೆ ಪೊಲೀಸರ ಮೇಲೆ ನಂಬಿಕೆ ಹುಟ್ಟುವುದೆಂತು? ಕನ್ನಡದಲ್ಲಿಯೇ ಮಾತನಾಡಿಸುವ ಪೇದೆಗಳೂ ಇದ್ದಾರೆ, ನಿಜ. ಅದು ಅವರ ಸೌಜನ್ಯವೇ ಹೊರತು ವ್ಯವಸ್ಥೆಯಲ್ಲ.

ಸಂವಿಧಾನದ 350ನೇ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ನೀಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಬಾಯಿಮಾತಿನ ದೂರನ್ನು ಬರೆದುಕೊಂಡು ದೂರುದಾರನಿಗೆ ಓದಿ ಹೇಳಬೇಕು. ಓದಿ ಹೇಳುವುದೆಂದರೆ ಅರ್ಥವಾಗುವಂತೆ ಹೇಳುವುದೆಂದೇ ನಮ್ಮ ತಿಳಿವಳಿಕೆ. ಆದ್ದರಿಂದ ಈ ಮೂರೂ ಊರುಗಳ ಠಾಣೆಗಳಲ್ಲಿ ಕನ್ನಡ ಬಲ್ಲ ಒಬ್ಬೊಬ್ಬ ಸಿಬ್ಬಂದಿಯನ್ನಾದರೂ ನಿಯೋಜಿಸಬೇಕೆಂದು ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಗಳ ಪೊಲೀಸ್ ಅಧಿಕಾರಿಗಳನ್ನು ನಾವು ಆಗ್ರಹಿಸುತ್ತೇವೆ.