ಊತಶಾಮಕ ಔಷಧಗಳ ನಿಷೇಧ: ಉಳಿದ ದಾಸ್ತಾನು ಯಾರ ತಲೆಗೆ?

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ದನ ಕುಂಟಿದರೆ, ಕುರಿಗೆ ಜ್ವರ ಬಂದರೆ ರೈತನು ಔಷಧದಂಗಡಿಯ ಮೆಟ್ಟಿಲು ಹತ್ತುವುದು ರೂಢಿ. ಆದರೆ ಪಶುಗಳ ಊತಶಾಮಕ ಔಷಧಗಳ ಪಟ್ಟಿ ಕಿರಿದಾಗುತ್ತ ಬಂದಿದೆ. ಡೈಕ್ಲೋಫೆನಾಕ್ ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ವೈಫಲ್ಯದಿಂದ ಸಾಯುತ್ತಿದ್ದುದು 2004ರಲ್ಲಿ ವೈಜ್ಞಾನಿಕವಾಗಿ ಪ್ರಕಟವಾಯಿತು. 2006ರಲ್ಲಿ ಅದರ ಪಶುಬಳಕೆಗೆ ತಡೆ ಬಿದ್ದಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಶೀಷೆಗಳು ಕೊಟ್ಟಿಗೆ ಸೇರುತ್ತಿದ್ದವಾದ್ದರಿಂದ 2015ರಲ್ಲಿ ಚುಚ್ಚುಮದ್ದಿನ ಶೀಷೆಯನ್ನು 3 ಮಿ.ಲೀ.ಗೆ ಸೀಮಿತಗೊಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್, ಆ ಬಳಿಕ ನಿಮೆಸುಲೈಡ್‌ಗಳೂ ಪಶುಚಿಕಿತ್ಸೆಯಿಂದ ಹೊರಬಿದ್ದವು. ಹದ್ದುಗಳಿಗೆ ಅಪಾಯಕಾರಿಯಲ್ಲದ ಮೆಲಾಕ್ಸಿಕ್ಯಾಮ್ ದೊರೆಯುತ್ತಿರುವಾಗ, ರಾಮನಗರದ ರಣಹದ್ದು ಧಾಮವನ್ನು ಕಂಡವರು ಈ ಕ್ರಮಗಳನ್ನು ಆಕ್ಷೇಪಿಸಲಾರರು.

ಆಕ್ಷೇಪವಿರುವುದು ಲೆಕ್ಕದ ಬಗ್ಗೆ. ಔಷಧ ಮತ್ತು ಕಾಂತಿವರ್ಧಕ ಕಾಯಿದೆಯ 26ಎ ಪ್ರಕರಣದ ಅಧಿಸೂಚನೆಯು ತಯಾರಿಕೆಯ ಜೊತೆಗೆ ಮಾರಾಟ, ವಿತರಣೆಗಳನ್ನೂ ತಡೆಯುತ್ತದೆ. ಅಂಗಡಿಯಲ್ಲಿ ಉಳಿದ ಮಾಲು ಅಂದೇ ನಿರುಪಯುಕ್ತ. ಅದನ್ನು ನಾಶಪಡಿಸಿದರೆ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)(ಎಚ್) ಪ್ರಕಾರ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೂಡ ಹಿಂತಿರುಗಿಸಬೇಕು. ಹೀಗೆ ನಷ್ಟ ಇಮ್ಮಡಿ! ಔಷಧದ ಗುಣದೋಷ ಬಲ್ಲವನು ತಯಾರಕ. ಹೊರೆ ಹೊರುವವನು ಚಿಲ್ಲರೆ ವ್ಯಾಪಾರಿ. ಇದು ನ್ಯಾಯವಲ್ಲ.

ಆದುದರಿಂದ ಚಿತ್ರದುರ್ಗದ ವರ್ತಕರು ನಿಷೇಧಿತ ಮಾಲನ್ನು ಹಿಂಪಡೆದು ಕ್ರೆಡಿಟ್ ನೋಟ್ ನೀಡುವ ಷರತ್ತನ್ನು ಸಗಟು ವ್ಯಾಪಾರಿಯಿಂದ ಖರೀದಿಗೆ ಮುನ್ನವೇ ಲಿಖಿತವಾಗಿ ಪಡೆಯತಕ್ಕದ್ದು. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡ ಮಾಲನ್ನು ಯಾವ ಕಂಪನಿಯೂ ವಾಪಸು ಪಡೆಯುವುದಿಲ್ಲ. ಬ್ಯಾಚ್ ಸಂಖ್ಯೆಯುಳ್ಳ ಬಿಲ್ಲುಗಳನ್ನು ಜೋಪಾನವಾಗಿಡಬೇಕು.