ಮಣ್ಣಿನ ಟೀಪಾಟ್ ಪಳಗುವುದು ಹೇಗೆ?

ಹೊಸ ಕಾವಲಿಯ ಮೇಲೆ ಹುಯ್ದ ಮೊದಲ ದೋಸೆ ಸರಿಯಾಗಿ ಏಳುವುದಿಲ್ಲ. ನಾಲ್ಕು ದಿನ ಎಣ್ಣೆ ಸವರಿ, ಈರುಳ್ಳಿ ಉಜ್ಜಿ, ಕಾಯಿಸಿ ಪಳಗಿಸಿದ ಮೇಲೆಯೇ ಅದು ಮಾತು ಕೇಳುವುದು. ಚೀನಾದ ಚಹಾಪ್ರಿಯರು ತಮ್ಮ ಮಣ್ಣಿನ ಟೀಪಾಟನ್ನೂ ಹೀಗೆ ಪಳಗಿಸುತ್ತಾರೆ. ವರ್ಷಗಟ್ಟಲೆ ಪಳಗಿದ ಪಾಟಿಗೆ ಬರಿಯ ಬಿಸಿನೀರು ಹಾಕಿದರೂ ಚಹಾ ಸಿಗುತ್ತದೆ ಎಂದು ಅಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಈ ಮಾತಿನಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು?

ಇಂತಹ ಪಾಟುಗಳ ತವರು ಜಿಯಾಂಗ್ಸು ಪ್ರಾಂತದ ಯೀಶಿಂಗ್. ತೈಹು ಸರೋವರದ ಪಶ್ಚಿಮಕ್ಕಿರುವ ಈ ಊರಿನ ಗುಡ್ಡಗಳಲ್ಲಿ ಸಿಗುವ ಮಣ್ಣಿಗೆ ‘ಜಿಶಾ’ ಎಂದು ಹೆಸರು. ನೇರಳೆ ಮರಳು ಎಂದರ್ಥ. ಹೆಸರು ಮರಳಾದರೂ ಗಣಿಯಿಂದ ಬರುವಾಗ ಅದು ಕಲ್ಲು. ಬಿಸಿಲು ಮಳೆಗೆ ಒಡ್ಡಿ, ಪುಡಿ ಮಾಡಿ, ನೀರು ಬೆರೆಸಿ ನಾದಿದ ಮೇಲೆ ಮಣ್ಣಾಗುತ್ತದೆ. ಚೀನೀಯರು ಹಿಂದೆ ಚಹಾವನ್ನು ಬಿಲ್ಲೆಯಾಗಿ ಒತ್ತಿ ಇಟ್ಟು, ಬೇಕಾದಾಗ ಪುಡಿ ಮಾಡಿ ಕುಡಿಯುತ್ತಿದ್ದರು. ಮಿಂಗ್ ವಂಶದ ಮೊದಲ ದೊರೆ 1391ರಲ್ಲಿ ಬಿಲ್ಲೆ ಚಹಾದ ಕಪ್ಪಕಾಣಿಕೆಯನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಒಪ್ಪಿಸಬೇಕೆಂದು ಆಜ್ಞೆ ಮಾಡಿದ. ಎಲೆ ನೆನೆಹಾಕುವ ಪದ್ಧತಿ ಹಬ್ಬಿದಂತೆ ಅದಕ್ಕೆ ತಕ್ಕ ಪಾತ್ರೆಯೂ ಬೇಕಾಯಿತು. 16ನೆಯ ಶತಮಾನದ ಆರಂಭದಲ್ಲಿ ಗೊಂಗ್ ಚುನ್ ಎಂಬ ಸೇವಕ ಒಬ್ಬ ಬೌದ್ಧ ಭಿಕ್ಷುವಿನಿಂದ ಕೆಲಸ ಕಲಿತು, ಮರದ ಗಂಟಿನ ಆಕಾರದ ಪಾಟ್ ಮಾಡಿದನೆಂಬ ಕಥೆ ಯೀಶಿಂಗಿನಲ್ಲಿ ಪ್ರಸಿದ್ಧ.

ನಮ್ಮ ಕುಂಬಾರರಂತೆ ಅಲ್ಲಿನವರು ತಿಗರಿ ತಿರುಗಿಸುವುದಿಲ್ಲ. ಮಣ್ಣನ್ನು ಹಲಗೆಯಂತೆ ಬಡಿದು, ಸುತ್ತಿ, ಮರದ ಸಟ್ಟುಗದಿಂದ ತಟ್ಟಿ ತಟ್ಟಿ ಉಬ್ಬು ತರುತ್ತಾರೆ. ಆಮೇಲೆ ಸುಮಾರು 1100ರಿಂದ 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ನೀರಿನ ಹೂಜಿಯನ್ನು ಇದಕ್ಕಿಂತ ಬಹಳ ಕಡಿಮೆ ಶಾಖದಲ್ಲಿ ಸುಡುವುದರಿಂದ ಅದರ ಮೈಯೆಲ್ಲ ರಂಧ್ರ. ನೀರು ಜಿನುಗಿ ಆವಿಯಾಗಿ ತಂಪಾಗುತ್ತದೆ. ಜಿಶಾ ಪಾಟ್ ಹಾಗೆ ಬೆವರುವುದಿಲ್ಲ. ಆದರೆ ಮೆರುಗು ಬಳಿಯದ ಕಾರಣ ಪಿಂಗಾಣಿಯಷ್ಟು ಮುಚ್ಚಿಕೊಂಡೂ ಇರುವುದಿಲ್ಲ. ಪಳಗುವುದಕ್ಕೆ ಅವಕಾಶವಿರುವುದು ಈ ಸಣ್ಣ ಸಣ್ಣ ರಂಧ್ರಗಳಲ್ಲಿ ಮಾತ್ರ.

ಪಳಗಿಸುವುದಕ್ಕಿಂತ ಆರಿಸುವುದೇ ಕಷ್ಟದ ಕೆಲಸ ಎನ್ನಬೇಕು. ಒಬ್ಬಿಬ್ಬರಿಗೆ 100ರಿಂದ 150 ಮಿಲಿಲೀಟರ್ ಹಿಡಿಯುವ ಪಾಟ್ ಸಾಕು. ಎಲೆ ಹೆಚ್ಚು, ನೀರು ಕಡಿಮೆ, ನೆನೆಯುವ ಹೊತ್ತು ಕೆಲವೇ ಸೆಕೆಂಡು. ಅದೇ ಎಲೆಗೆ ಮತ್ತೆ ಮತ್ತೆ ನೀರು. ಇದು ಅಲ್ಲಿನ ಕ್ರಮ. ಮುಚ್ಚಳ ತೆಗೆದು ಪಾಟನ್ನು ಮೇಜಿನ ಮೇಲೆ ಬೋರಲು ಹಾಕಿದರೆ ಮೂತಿಯ ತುದಿ, ಬಾಯಿಯ ಅಂಚು, ಹಿಡಿಯ ನೆತ್ತಿ ಮೂರೂ ಮೇಜಿಗೆ ತಾಗಬೇಕೆಂದು ಬಲ್ಲವರು ಹೇಳುತ್ತಾರೆ. ಎಲ್ಲ ಆಕಾರಗಳಿಗೂ ಇದು ಅನ್ವಯಿಸದು. ಆದರೆ ಮೂತಿ ಬಾಯಿಗಿಂತ ತಗ್ಗಿದ್ದರೆ ಪಾಟ್ ತುಂಬುವ ಮೊದಲೇ ಮೂತಿಯಲ್ಲಿ ಚಹಾ ಚೆಲ್ಲುವುದು ಖಂಡಿತ. ದ್ರವ ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುವ ಪಾಠ ನೆನಪಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನೊಂದು ಪರೀಕ್ಷೆ ಇನ್ನೂ ಸೊಗಸಾದದ್ದು. ನೀರು ತುಂಬಿ ಮುಚ್ಚಳವಿಟ್ಟು ಬಗ್ಗಿಸಿ, ಧಾರೆ ಬೀಳುತ್ತಿರುವಾಗ ಮುಚ್ಚಳದ ಸಣ್ಣ ತೂತನ್ನು ಬೆರಳಿನಿಂದ ಒತ್ತಬೇಕು. ಧಾರೆ ಥಟ್ಟನೆ ನಿಂತರೆ ಮುಚ್ಚಳ ಬಿಗಿಯಾಗಿ ಕೂತಿದೆ ಎಂದರ್ಥ. ಒಳಗೆ ಗಾಳಿ ಹೋಗಲು ದಾರಿಯಿಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ಬೀಳಗೊಡುವುದಿಲ್ಲ. ಪ್ರಯೋಗಾಲಯದಲ್ಲಿ ಪಿಪೆಟ್ಟಿನ ತಲೆಯ ಮೇಲೆ ಬೆರಳಿಟ್ಟ ವಿದ್ಯಾರ್ಥಿಗಳೆಲ್ಲ ಇದನ್ನು ಕಂಡವರೇ.

ಆದರೆ ಈ ಪರೀಕ್ಷೆಗಳು ಕೈಚಳಕವನ್ನು ಅಳೆಯುತ್ತವೆಯೇ ಹೊರತು ಮಣ್ಣನ್ನಲ್ಲ. ಮೋಸ ನಡೆಯುವುದು ಮಣ್ಣಿನಲ್ಲಿ. ಸಾಧಾರಣ ಜೇಡಿಗೆ ಲೋಹದ ಆಕ್ಸೈಡುಗಳ ಬಣ್ಣ ಕಲಸಿ ಜಿಶಾ ಎಂದು ಮಾರುತ್ತಿದ್ದುದನ್ನು 2010ರಲ್ಲಿ ಚೀನಾದ ಸರ್ಕಾರಿ ದೂರದರ್ಶನವೇ ಬಯಲು ಮಾಡಿತು. ನಿಜವಾದ ಜಿಶಾ ಬಣ್ಣ ಮಂಕು: ಕಂದು, ಇಟ್ಟಿಗೆಗೆಂಪು, ಹಳದಿ ಛಾಯೆ. ಕಣ್ಣು ಕುಕ್ಕುವ ಹಸಿರು, ನೀಲಿ ಕಂಡರೆ ಅನುಮಾನಿಸುವುದು ಒಳ್ಳೆಯದು. ಕೊಳ್ಳುವ ಮೊದಲು ಒಳಗೆ ಕುದಿನೀರು ಹಾಕಿ ಮೂಸಿ ನೋಡಬೇಕು. ಮೇಣದ ಅಥವಾ ಷೂ ಪಾಲಿಷಿನ ವಾಸನೆ ಬಂದರೆ, ಹಳೆಯದೆಂದು ತೋರಿಸಲು ಹೊಳಪು ಹಚ್ಚಿದ ಸರಕು. ಅದನ್ನು ಎಷ್ಟು ಪಳಗಿಸಿದರೂ ಪ್ರಯೋಜನವಿಲ್ಲ.

ಪಳಗಿಸುವ ಕ್ರಮ ಸರಳ. ಹೊಸ ಪಾಟಿನ ಒಳಗಿನ ಮಣ್ಣಿನ ಪುಡಿಯನ್ನು ಬಿಸಿನೀರಿನಲ್ಲಿ ತೊಳೆಯಬೇಕು, ಸೋಪು ಸೋಕಿಸಕೂಡದು. ಎಣ್ಣೆ ಜಿಡ್ಡಿಲ್ಲದ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಪಾಟನ್ನೂ ಮುಚ್ಚಳವನ್ನೂ ಬೇರೆ ಬೇರೆಯಾಗಿ ಇಟ್ಟು, ಮುಳುಗುವಷ್ಟು ತಣ್ಣೀರು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಅರ್ಧ ಗಂಟೆ ಮೆಲ್ಲಗೆ ಕುದಿದ ಮೇಲೆ, ಮುಂದೆ ಅದರಲ್ಲಿ ಮಾಡಬೇಕೆಂದಿರುವ ಚಹಾದ ಎಲೆಯನ್ನೇ ಒಂದು ಹಿಡಿ ಹಾಕಿ ಮತ್ತೆ ಅರ್ಧ ಗಂಟೆ ಕಾಯಿಸಿ, ತಾನಾಗಿ ಆರಲು ಬಿಡಬೇಕು. ಅವಸರಪಟ್ಟು ಬಿಸಿ ಪಾಟಿಗೆ ತಣ್ಣೀರು ಹುಯ್ದರೆ ಬಿರುಕು ಬಿಡುತ್ತದೆ. ತೋಫು, ಕಬ್ಬಿನ ತುಂಡು ಹಾಕಿ ಕುದಿಸಬೇಕೆಂದು ಹೇಳುವವರೂ ಇದ್ದಾರೆ. ವಾಸನೆ ಇರಬಾರದೆಂದು ಶುಚಿ ಮಾಡುವ ಪಾತ್ರೆಯ ರಂಧ್ರಗಳಿಗೆ ಪ್ರೋಟೀನು, ಸಕ್ಕರೆ ತುಂಬುವುದೇಕೋ ತಿಳಿಯದು.

ಬಳಸುತ್ತ ಹೋದಂತೆ ಒಳಮೈಗೆ ಕಂದು ಪದರ ಕಟ್ಟುತ್ತದೆ, ಹೊರಮೈಗೆ ಹೊಳಪು ಬರುತ್ತದೆ. ಚಹಾದ ಮೇಲೆ ತೇಲುವ ಕೆನೆಯಂತಹ ಪೊರೆಯನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೈಕೆಲ್ ಸ್ಪೈರೋ ಮತ್ತು ಸಂಗಡಿಗರು ಪರೀಕ್ಷಿಸಿ, ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಅದಕ್ಕೆ ಕಾರಣವೆಂದು 1993ರಲ್ಲಿ ತೋರಿಸಿದರು. ಪಾಟಿನೊಳಗಿನ ಪದರವೂ ಬಹುಪಾಲು ಇದೇ ಜಾತಿಯದು. ಕೊಳವೆಬಾವಿಯ ಗಡಸು ನೀರಿನಲ್ಲಿ ಪದರ ಬೇಗ ಕಟ್ಟುತ್ತದೆ. ಅದನ್ನು ಪಳಗಿದ ಲಕ್ಷಣವೆಂದು ಭ್ರಮಿಸಬಾರದು. ಬಿಸಿನೀರಿಗೆ ಪದರದಿಂದ ಸ್ವಲ್ಪ ಬಣ್ಣ, ಸ್ವಲ್ಪ ವಾಸನೆ ಇಳಿಯಬಹುದು. ಅದನ್ನು ಚಹಾ ಎನ್ನಲು ಅಭಿಮಾನವೇ ಬೇಕು.

ರಂಧ್ರಗಳಿಗೆ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲ. ಆದ್ದರಿಂದಲೇ ಒಂದು ಪಾಟಿಗೆ ಒಂದೇ ಬಗೆಯ ಚಹಾ ಎಂಬ ನಿಯಮ. ಹೊಗೆಯ ವಾಸನೆಯ ಪು-ಎರ್ ಮಾಡಿದ್ದರಲ್ಲಿ ಹೂವಿನ ಪರಿಮಳದ ಊಲಾಂಗ್ ಮಾಡಿದರೆ ಎರಡೂ ಕೆಡುತ್ತವೆ. ಎಲೆಯನ್ನು ರಾತ್ರಿಯಿಡೀ ಒಳಗೇ ಬಿಟ್ಟರೆ ಬೂಷ್ಟು ಬರುತ್ತದೆ. ಆಗ ಮೊದಲಿನಂತೆ ಕುದಿಸಿ, ಮುಚ್ಚಳ ತೆಗೆದು ಹಲವು ದಿನ ಗಾಳಿಗೆ ಒಣಗಿಸಬೇಕು. ಇನ್ನು ನಮ್ಮ ಹಾಲು ಸಕ್ಕರೆಯ ಚಹಾವನ್ನು ಇದರಲ್ಲಿ ಮಾಡಲೇಬಾರದು. ಹಾಲಿನ ಜಿಡ್ಡು ಒಳಗೆ ಸೇರಿ ಹಳಸಿದರೆ ತೆಗೆಯುವುದು ಬಲು ಕಷ್ಟ. ಅದಕ್ಕೆ ಮನೆಯ ಸ್ಟೀಲ್ ಪಾತ್ರೆಯೇ ಸರಿ.